ರುಚಿಯ ಮಾತು, ಪರೀಕ್ಷೆಯ ಮಾತು

ಮಳೆಗಾಲದ ಸಂಜೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಾಗಲಿ, ಹೊಸನಗರ ಸಾಗರಗಳ ಕಡೆಯ ಬೇರಾವ ಹಳ್ಳಿಯಲ್ಲಾಗಲಿ, ನಾಲ್ಕು ಜನ ಜಗಲಿಯ ಮೇಲೆ ಕುಳಿತರೆಂದರೆ ಮಾತು ಊಟ, ಸಿನಿಮಾ, ಟಿವಿ, ಮಕ್ಕಳ ಕೈಯ ಮೊಬೈಲು ಇವುಗಳ ಕಡೆಗೆ ಹೊರಳದೆ ಇರದು. “ಸೌದೆಯ ಒಲೆಯ ಅನ್ನದ ರುಚಿ ಗ್ಯಾಸಿನ ಅನ್ನಕ್ಕೆ ಬಾರದು”, “ಸಿನಿಮಾ ಎಂದರೆ ಹಳೆಯ ಕಾಲದ್ದೇ”, “ಟಿವಿಯ ಹತ್ತಿರ ಕುಳಿತರೆ ಕಣ್ಣು ಹೋಗುತ್ತದೆ”, “ವಿಡಿಯೋ ಗೇಮ್ ಆಡುವ ಹುಡುಗರು ಜಗಳಗಂಟರಾಗುತ್ತಾರೆ” — ಇಂಥ ಮಾತುಗಳನ್ನು ಕೇಳದ ವಿದ್ಯಾರ್ಥಿಯಿಲ್ಲ. ಇವುಗಳಿಗೂ ವಿಜ್ಞಾನಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ನಮ್ಮ ದಿನನಿತ್ಯದ ನಿರ್ಧಾರಗಳಲ್ಲಿ ಬಹುಪಾಲು ನಡೆಯುವುದು ಇಂಥ ಮಾತುಗಳ ಆಧಾರದ ಮೇಲೆಯೇ. ಅವುಗಳಲ್ಲಿ ಕೆಲವು ನಿರಪಾಯಕರ. ಕೆಲವು ಆರೋಗ್ಯವನ್ನೂ, ಒಮ್ಮೊಮ್ಮೆ ಪ್ರಾಣವನ್ನೂ ಮುಟ್ಟುವಂಥವು.

ಒಂದು ಮಾತಿನಲ್ಲಿ ಎರಡು ಅಂಶ

“ನನಗೆ ಹಲಸಿನ ಹಣ್ಣು ಇಷ್ಟ” ಎಂದು ಒಬ್ಬರು ಹೇಳಿದರೆ ಅದನ್ನು ಅಲ್ಲಗಳೆಯಲು ಯಾರಿಗೂ ಸಾಧ್ಯವಿಲ್ಲ. ಅದು ಹೇಳಿದವರ ಮೆಚ್ಚಿಕೆ. ಅದಕ್ಕೆ ಅವರೇ ಸಾಕ್ಷಿ. “ಹಲಸಿನ ಹಣ್ಣು ತಿಂದ ಮೇಲೆ ನೀರು ಕುಡಿದರೆ ಹೊಟ್ಟೆ ಕೆಡುತ್ತದೆ” ಎಂದರೆ ಮಾತಿನ ಜಾತಿಯೇ ಬೇರೆಯಾಯಿತು. ಇದು ಹೊರಗಿನ ಲೋಕದಲ್ಲಿ ಏನು ನಡೆಯುತ್ತದೆ ಎಂಬುದರ ಬಗೆಗಿನ ಹೇಳಿಕೆ. ಇದು ನಿಜವಾಗಿರಬಹುದು, ಸುಳ್ಳಾಗಿರಬಹುದು, ಕೆಲವು ಸಂದರ್ಭಗಳಲ್ಲಿ ಮಾತ್ರ ನಿಜವಾಗಿರಬಹುದು. ಮೊದಲನೆಯದನ್ನು ಮೆಚ್ಚಿಕೆ ಎಂದೂ ಎರಡನೆಯದನ್ನು ಪ್ರತಿಪಾದನೆ ಎಂದೂ ಕರೆಯೋಣ.

ತೊಡಕು ಬರುವುದು ಇವೆರಡೂ ಒಂದೇ ವಾಕ್ಯದಲ್ಲಿ ಬೆರೆತಾಗ. “ಸೌದೆಯ ಒಲೆಯ ಅನ್ನವೇ ರುಚಿ” ಎಂಬಲ್ಲಿ “ನನಗೆ ಆ ಅನ್ನ ಇಷ್ಟ” ಎಂಬ ಮೆಚ್ಚಿಕೆಯಿದೆ. “ಎರಡು ಬಗೆಯ ಅನ್ನಕ್ಕೂ ನಾಲಿಗೆ ಗುರುತಿಸಬಲ್ಲ ವ್ಯತ್ಯಾಸವಿದೆ, ಆ ವ್ಯತ್ಯಾಸಕ್ಕೆ ಸೌದೆಯೇ ಕಾರಣ” ಎಂಬ ಪ್ರತಿಪಾದನೆಯೂ ಇದೆ. ಮೆಚ್ಚಿಕೆಗೆ ಕೊಡುವ ರಿಯಾಯಿತಿಯನ್ನು ನಾವು ಅರಿಯದೆಯೇ ಪ್ರತಿಪಾದನೆಗೂ ಕೊಟ್ಟುಬಿಡುತ್ತೇವೆ. ಆದುದರಿಂದ ಮೊದಲ ಕೆಲಸ, ಎರಡನ್ನೂ ಬಿಡಿಸಿ ಇಡುವುದು. ಎರಡನೆಯ ಕೆಲಸ, ಪ್ರತಿಪಾದನೆಯನ್ನು ಪರೀಕ್ಷೆಗೆ ಒಡ್ಡುವುದು.

ಸೌದೆಯ ಒಲೆಯ ಅನ್ನ

ಭೌತವಿಜ್ಞಾನವು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಉಷ್ಣತೆ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಸಮುದ್ರಮಟ್ಟದಲ್ಲಿ ಈ ಕುದಿಬಿಂದು 100 ಡಿಗ್ರಿ ಸೆಲ್ಸಿಯಸ್. ಮೇಲೇರಿದಂತೆ ವಾಯುವಿನ ಒತ್ತಡ ಕಡಿಮೆಯಾಗುವುದರಿಂದ, ಪ್ರತಿ 300 ಮೀಟರಿಗೆ ಅದು ಸುಮಾರು ಒಂದು ಡಿಗ್ರಿಯಂತೆ ಇಳಿಯುತ್ತದೆ. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಆದುದರಿಂದ ಅಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಕೆಳಗೆ ಉರಿಯುವುದು ಸೌದೆಯೋ ಗ್ಯಾಸೋ ಎಂಬುದು ಅಕ್ಕಿಯ ಕಾಳಿಗೆ ಗೊತ್ತಾಗುವುದಿಲ್ಲ. ಅದರ ಪಾಲಿಗೆ ಇರುವುದು 98 ಡಿಗ್ರಿಯ ನೀರು.

ಹಾಗಾದರೆ ಜನರು ಕಾಣುವ ವ್ಯತ್ಯಾಸವೆಲ್ಲ ಭ್ರಮೆಯೇ? ಹಾಗೆಂದು ಅವಸರದ ತೀರ್ಪು ಕೊಡಬಾರದು. ಮನೆಗಳಲ್ಲಿ ನಿಜವಾಗಿ ನಡೆಯುವುದೇನೆಂದು ಗಮನಿಸಿ. ಸೌದೆಯ ಒಲೆಯ ಮೇಲೆ ಅನ್ನವನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ ಗಂಜಿಯನ್ನು ಬಸಿಯುವ ರೂಢಿ. ಗ್ಯಾಸಿನ ಒಲೆಯ ಮೇಲೆ ಸಾಮಾನ್ಯವಾಗಿ ಕುಕ್ಕರ್ ಇಡುವ ರೂಢಿ. ಕುಕ್ಕರಿನೊಳಗೆ ಆವಿಯ ಒತ್ತಡ ಹೆಚ್ಚುವುದರಿಂದ ನೀರಿನ ಉಷ್ಣತೆ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಗಂಜಿ ಬಸಿಯದೆ ಅನ್ನದಲ್ಲಿಯೇ ಉಳಿಯುತ್ತದೆ. ಇಂಥ ಎರಡು ಅನ್ನಗಳಲ್ಲಿ ವ್ಯತ್ಯಾಸವಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ವ್ಯತ್ಯಾಸ ಬಂದುದು ಪಾತ್ರೆಯಿಂದಲೋ, ಬಸಿದುದರಿಂದಲೋ, ಸೌದೆಯಿಂದಲೋ? ಮೂರು ಸಂಗತಿಗಳು ಒಟ್ಟಿಗೆ ಬದಲಾದಾಗ ಫಲದ ಶ್ರೇಯಸ್ಸನ್ನು ಒಂದಕ್ಕೇ ಕೊಡುವುದು ನ್ಯಾಯವಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದುದೆಲ್ಲ ಸಮನಾಗಿರಬೇಕು ಎಂಬುದು ಪ್ರಯೋಗವಿಜ್ಞಾನದ ಮೊದಲ ಪಾಠ.

ಹೊಗೆಯ ಮಾತನ್ನೂ ಮರೆಯುವಂತಿಲ್ಲ. ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಸುಡುವಾಗ ಗ್ವಾಯಕಾಲ್ ಮೊದಲಾದ ಪರಿಮಳದ ರಾಸಾಯನಿಕಗಳು ಹುಟ್ಟುತ್ತವೆ. ಕೆಂಡದ ಮೇಲೆ ನೇರವಾಗಿ ಸುಟ್ಟ ರೊಟ್ಟಿಗೂ ಬದನೆಕಾಯಿಗೂ ಈ ಪರಿಮಳ ಅಂಟಿಕೊಳ್ಳುವುದು ಸಹಜ. ಮುಚ್ಚಳ ಮುಚ್ಚಿದ ಪಾತ್ರೆಯೊಳಗಿನ ಅನ್ನಕ್ಕೆ ಅದು ನಾಲಿಗೆಗೆ ತಿಳಿಯುವಷ್ಟು ತಲಪುವುದೇ ಎಂಬುದು ಪ್ರಶ್ನೆ. ವಾದದಿಂದ ಇದು ತೀರುವಂತಹುದಲ್ಲ.

ಎಂಟು ದೊನ್ನೆಗಳ ಪರೀಕ್ಷೆ

ಇದೇ ಬಗೆಯ ಒಂದು ವಿವಾದ 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಎದ್ದಿತು. ಅಲ್ಲಿ ಪಾಚಿಗಳ ಬಗ್ಗೆ ಅಧ್ಯಯನ ನಡೆಸುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿದುಷಿ, ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದರು. ಅಲ್ಲಿಯೇ ಕೆಲಸಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಇದನ್ನು ನಗೆಯಾಡಿ ಬಿಡಲಿಲ್ಲ. ಅವರು 1935ರಲ್ಲಿ ಪ್ರಕಟಿಸಿದ ಪ್ರಯೋಗವಿನ್ಯಾಸವನ್ನು ಕುರಿತ ಗ್ರಂಥದಲ್ಲಿ ಎಂಟು ಬಟ್ಟಲು ಚಹಾದ ಪರೀಕ್ಷೆ ಒಂದು ಮುಖ್ಯ ನಿದರ್ಶನವಾಯಿತು. ಅದನ್ನು ನಮ್ಮ ಅನ್ನಕ್ಕೆ ಅನ್ವಯಿಸೋಣ.

ಒಂದೇ ಚೀಲದ ಅಕ್ಕಿಯನ್ನು ಎರಡು ಸಮಭಾಗ ಮಾಡಿ. ಒಂದೇ ತೆರನ ಎರಡು ಪಾತ್ರೆ, ಒಂದೇ ಅಳತೆಯ ನೀರು. ಒಂದನ್ನು ಸೌದೆಯ ಮೇಲೆ, ಮತ್ತೊಂದನ್ನು ಗ್ಯಾಸಿನ ಮೇಲೆ ಬೇಯಿಸಿ, ಎರಡನ್ನೂ ಒಂದೇ ಬಗೆಯಲ್ಲಿ ಬಸಿಯಿರಿ. ಎರಡೂ ಸಮಾನವಾಗಿ ಆರಿದ ಮೇಲೆ ಎಂಟು ದೊನ್ನೆಗಳನ್ನು ತೆಗೆದುಕೊಂಡು ನಾಲ್ಕರಲ್ಲಿ ಸೌದೆಯ ಅನ್ನ, ನಾಲ್ಕರಲ್ಲಿ ಗ್ಯಾಸಿನ ಅನ್ನ ಹಾಕಿ, ತಳದಲ್ಲಿ ಗುಟ್ಟಾಗಿ ಗುರುತು ಬರೆಯಿರಿ. ದೊನ್ನೆಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಮನಸ್ಸಿಗೆ ತೋರಿದಂತೆ ಜೋಡಿಸಿದರೆ ನಮಗರಿಯದಂತೆ ಅದರಲ್ಲಿ ಒಂದು ಲಯ ಸೇರಿಕೊಳ್ಳುತ್ತದೆ. ಬಡಿಸುವವರಿಗೂ ಯಾವುದು ಯಾವುದೆಂದು ತಿಳಿದಿರಬಾರದು. ಅವರ ಮುಖಭಾವವೇ ಉತ್ತರ ಹೇಳಿಬಿಡಬಹುದು. ರುಚಿ ನೋಡುವವರು ಕಣ್ಣು ಮುಚ್ಚಿ ಎಂಟನ್ನೂ ತಿಂದು, ಸೌದೆಯ ಅನ್ನದ ನಾಲ್ಕು ದೊನ್ನೆಗಳು ಯಾವುವೆಂದು ಹೇಳಬೇಕು.

ಈಗ ಲೆಕ್ಕ. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು ಎಷ್ಟು? ಎಂಟು, ಏಳು, ಆರು, ಐದು ಇವುಗಳ ಗುಣಲಬ್ಧ 1680. ಅದನ್ನು ನಾಲ್ಕು, ಮೂರು, ಎರಡು, ಒಂದು ಇವುಗಳ ಗುಣಲಬ್ಧವಾದ 24ರಿಂದ ಭಾಗಿಸಿದರೆ 70. ಇವುಗಳಲ್ಲಿ ಪೂರ್ತಿ ಸರಿಯಾದುದು ಒಂದೇ. ಏನೂ ತಿಳಿಯದವರು ಸುಮ್ಮನೆ ಊಹಿಸಿದರೆ ನಾಲ್ಕೂ ಸರಿಯಾಗುವ ಸಂಭವನೀಯತೆ 70ರಲ್ಲಿ ಒಂದು. ಆದ್ದರಿಂದ ನಾಲ್ಕನ್ನೂ ಸರಿಯಾಗಿ ಗುರುತಿಸಿದವರ ಮಾತಿಗೆ ನಾವು ಬೆಲೆ ಕೊಡಲೇಬೇಕು. ಮೂರು ಸರಿಯಾಗಿ, ಒಂದು ತಪ್ಪಿದರೆ? ಆ ಫಲ ಬರುವ ಬಗೆಗಳು 16. ಮೂರು ಅಥವಾ ನಾಲ್ಕು ಸರಿಯಾಗುವ ಬಗೆಗಳು ಒಟ್ಟು 17. ಅಂದರೆ ಬರಿಯ ಊಹೆಯಿಂದಲೂ ನೂರಕ್ಕೆ ಸುಮಾರು 24 ಸಲ ಇಂಥ ಫಲ ಬರಬಹುದು. ಆದ್ದರಿಂದ “ನಾಲ್ಕರಲ್ಲಿ ಮೂರು ಸರಿ” ಎಂಬುದು ಕಿವಿಗೆ ಎಷ್ಟು ಚೆನ್ನಾಗಿ ಕೇಳಿಸಿದರೂ ಅಷ್ಟು ಪ್ರಬಲವಾದ ಸಾಕ್ಷ್ಯವಲ್ಲ. ಇದನ್ನು ತಿಳಿದರೆ, ಒಂದೆರಡು ಉದಾಹರಣೆಗಳಿಂದ ಸಿದ್ಧಾಂತ ಕಟ್ಟುವ ಚಾಪಲ್ಯ ನಮ್ಮಲ್ಲಿ ಕಡಿಮೆಯಾಗುತ್ತದೆ.

ಈ ಪರೀಕ್ಷೆಯ ಮಿತಿಯನ್ನೂ ತಿಳಿದಿರಬೇಕು. ಇದು ಭೇದ ತಿಳಿಯುವುದೇ ಎಂಬುದನ್ನು ಮಾತ್ರ ಹೇಳುತ್ತದೆ. ಯಾವುದು ಮೇಲು ಎಂಬುದನ್ನು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಸೋತವರಿಗೆ ಸೌದೆಯ ಒಲೆಯ ಮೇಲಿನ ಪ್ರೀತಿ ಹೋಗಬೇಕೆಂದೂ ಇಲ್ಲ. ಬಾಲ್ಯದ ನೆನಪು, ಒಲೆಯ ಮುಂದಿನ ಬೆಚ್ಚನೆ, ಬಡಿಸಿದವರ ಕೈ ಇವೆಲ್ಲ ಊಟದ ಸುಖದಲ್ಲಿ ಸೇರಿವೆ. ಆದರೆ ಆ ಸುಖಕ್ಕೆ ಬೆಲೆ ತೆರುವವರು ಯಾರು ಎಂಬುದನ್ನೂ ಕೇಳಬೇಡವೆ? ಮನೆಯೊಳಗಿನ ಹೊಗೆಯಿಂದ ಹುಟ್ಟುವ ಕಾಯಿಲೆಗಳಿಂದ 2020ರಲ್ಲಿ ಲೋಕದಾದ್ಯಂತ ಸುಮಾರು 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬಡವರ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆಯನ್ನು ಭಾರತ ಸರಕಾರ 2016ರಲ್ಲಿ ಆರಂಭಿಸಿದುದಕ್ಕೆ ಇದೂ ಒಂದು ಕಾರಣ. ಅನ್ನದ ರುಚಿಯನ್ನು ಹೊಗಳುವವರು ಹಲವು ವೇಳೆ ಹೊರಗೆ ಜಗಲಿಯಲ್ಲಿರುತ್ತಾರೆ. ಹೊಗೆ ಕುಡಿಯುವವರು ಒಳಗಿರುತ್ತಾರೆ. ನಾಲಿಗೆಗೆ ತಿಳಿಯದ ವ್ಯತ್ಯಾಸಕ್ಕಾಗಿ ಮನೆಯ ಹೆಂಗಸರ ಉಸಿರು ತೇಯಬೇಕೆ ಎಂಬುದು ಈ ಎಂಟು ದೊನ್ನೆಗಳ ಹಿಂದಿರುವ ನಿಜವಾದ ಪ್ರಶ್ನೆ.

ಪಾಠಪುಸ್ತಕದ ನಾಲಿಗೆ

ಜನರ ಮಾತು ಮಾತ್ರ ಪರೀಕ್ಷೆಗೆ ಅರ್ಹ, ಅಚ್ಚಾದ ಮಾತು ಅದಕ್ಕೆ ಹೊರತು ಎಂದು ತಿಳಿಯಬಾರದು. ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ, ಅಂಚುಗಳಿಗೆ ಹುಳಿ ಮತ್ತು ಉಪ್ಪು ಎಂದು ತೋರಿಸುವ ಚಿತ್ರ ಎಷ್ಟೋ ಪುಸ್ತಕಗಳಲ್ಲಿ ಬಂದಿದೆ. ಇದರ ಮೂಲ 1901ರಲ್ಲಿ ಹೇನಿಗ್ ಎಂಬ ಜರ್ಮನ್ ವಿದ್ವಾಂಸನು ಪ್ರಕಟಿಸಿದ ಅಳತೆಗಳು. ಅವನು ಕಂಡುದು ನಾಲಿಗೆಯ ಬೇರೆ ಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವನ್ನು. 1942ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಬೋರಿಂಗ್ ಅದನ್ನು ತಮ್ಮ ಗ್ರಂಥದಲ್ಲಿ ರೇಖಾಚಿತ್ರವಾಗಿಸಿದ ಬಗೆಯಿಂದ ಅಲ್ಪ ವ್ಯತ್ಯಾಸ ದೊಡ್ಡದಾಗಿ ಕಂಡಿತು. ಕಾಲಕ್ರಮದಲ್ಲಿ ಅದು ಗಡಿಗಳುಳ್ಳ ನಕ್ಷೆಯಾಗಿ ಬೆಳೆಯಿತು. ವಾಸ್ತವದಲ್ಲಿ ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ಮೂಲರುಚಿಗಳನ್ನು ತಿಳಿಯಬಲ್ಲವು. ಬೆಲ್ಲದ ನೀರು, ಉಪ್ಪುನೀರು, ನಿಂಬೆರಸ, ಹಾಲು ಸಕ್ಕರೆಗಳಿಲ್ಲದ ಕಾಫಿ ಡಿಕಾಕ್ಷನ್ ಇವುಗಳಲ್ಲಿ ಅದ್ದಿದ ಹತ್ತಿಯನ್ನು ನಾಲಿಗೆಯ ತುದಿಗೂ ಅಂಚಿಗೂ ಮುಟ್ಟಿಸಿ, ನಡುವೆ ಬಾಯಿ ಮುಕ್ಕಳಿಸುತ್ತ ನೋಡಿದರೆ ಯಾರಿಗಾದರೂ ಇದು ಅರಿವಾಗುವುದು. ಇಷ್ಟು ಸುಲಭವಾಗಿ ಪರೀಕ್ಷಿಸಬಹುದಾದ ಮಾತು ದಶಕಗಳ ಕಾಲ ತರಗತಿಯಿಂದ ತರಗತಿಗೆ ಸಾಗಿಬಂದಿತೆಂಬುದೇ ಒಂದು ಪಾಠ.

ಹಳೆಯ ಸಿನಿಮಾಗಳು

ಇನ್ನು ಸಿನಿಮಾದ ಕಡೆಗೆ ಬರೋಣ. ಇಲ್ಲಿ ಎಂಟು ದೊನ್ನೆಗಳ ಉಪಾಯ ನೇರವಾಗಿ ಒದಗದು. ದೋಷದ ಬಗೆಯೂ ಬೇರೆ. ಹಳೆಯದೇ ಚೆನ್ನ ಎನ್ನುವವರು ಸಾಕ್ಷ್ಯವಾಗಿ 1970ರ “ಸಂಸ್ಕಾರ”ವನ್ನೋ, 1972ರ “ಬಂಗಾರದ ಮನುಷ್ಯ” ಮತ್ತು “ನಾಗರಹಾವು” ಚಿತ್ರಗಳನ್ನೋ ಹೆಸರಿಸುತ್ತಾರೆ. ಅವು ಒಳ್ಳೆಯ ಚಿತ್ರಗಳೆಂಬುದರಲ್ಲಿ ವಿವಾದವಿಲ್ಲ. ಆದರೆ ಅದೇ ವರ್ಷಗಳಲ್ಲಿ ತೆರೆಕಂಡು, ವಾರದೊಳಗೆ ಮರೆತುಹೋದ ಚಿತ್ರಗಳ ಹೆಸರು ಎಷ್ಟು ಜನರ ನೆನಪಿನಲ್ಲಿದೆ? ಕಾಲವೆಂಬುದು ಮೊರದ ಹಾಗೆ. ಜೊಳ್ಳು ಹಾರಿಹೋಗಿ ಗಟ್ಟಿಕಾಳು ಉಳಿಯುತ್ತದೆ. ಕೇರಿಟ್ಟ ಹಳೆಯ ಕಾಳನ್ನು ಇನ್ನೂ ಕೇರದ ಹೊಸ ರಾಶಿಯೊಡನೆ ಹೋಲಿಸಿ ಹಳೆಯ ಬೆಳೆಯೇ ಮೇಲು ಎಂದರೆ ಒಪ್ಪಬಹುದೆ?

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು “ಮಾಲ್ಗುಡಿ ಡೇಸ್” ಎಂಬ ಧಾರಾವಾಹಿಯಾಗಿ ಚಿತ್ರಿಸಿದರು. 1986ರಲ್ಲಿ ಅದರ ಪ್ರಸಾರ ದೂರದರ್ಶನದಲ್ಲಿ ಆರಂಭವಾಯಿತು. ಅದನ್ನು ಮೆಚ್ಚದವರು ವಿರಳ. “ಅಂಥ ಧಾರಾವಾಹಿ ಈಗಿಲ್ಲ” ಎನ್ನುವಾಗ ನಾವು ಒಂದು ಕಾಲದ ಅತ್ಯುತ್ತಮವಾದುದನ್ನು ಮತ್ತೊಂದು ಕಾಲದ ಸಾಮಾನ್ಯವಾದುದರೊಡನೆ ತೂಗುತ್ತಿರುತ್ತೇವೆ. ಸರಿಯಾದ ಹೋಲಿಕೆ ಬೇಕಾದರೆ 1972ರಲ್ಲಿ ತೆರೆಕಂಡ ಎಲ್ಲ ಕನ್ನಡ ಚಿತ್ರಗಳ ಪಟ್ಟಿಯನ್ನೂ ಈಚಿನ ಒಂದು ವರ್ಷದ ಪಟ್ಟಿಯನ್ನೂ ಇಟ್ಟುಕೊಂಡು, ಎರಡರಿಂದಲೂ ಹತ್ತು ಹತ್ತನ್ನು ಚೀಟಿ ಎತ್ತಿ ಆರಿಸಿ, ಯಾವುದನ್ನೂ ಮೊದಲು ನೋಡದವರಿಗೆ ತೋರಿಸಬೇಕು. ಆಗಲೂ ಉಡುಪು, ಬಣ್ಣ, ಧ್ವನಿಗಳಿಂದ ಚಿತ್ರದ ಕಾಲ ತಿಳಿದುಬಿಡುವುದರಿಂದ ಪರೀಕ್ಷೆ ಪೂರ್ಣ ನಿಷ್ಪಕ್ಷವಾಗದು. ಕೆಲವು ಪ್ರತಿಪಾದನೆಗಳನ್ನು ಪರೀಕ್ಷಿಸುವುದು ಕಷ್ಟ ಎಂದು ತಿಳಿಯುವುದೂ ತಿಳಿವಳಿಕೆಯೇ. ಅಂಥಲ್ಲಿ ದನಿ ತಗ್ಗಿಸಿ ಮಾತನಾಡುವುದು ಮರ್ಯಾದೆ.

ಟಿವಿಯೂ ಕಣ್ಣೂ

ಟಿವಿಯ ಹತ್ತಿರ ಕುಳಿತರೆ ಕಣ್ಣು ಹೋಗುತ್ತದೆ ಎಂಬ ಮಾತಿಗೆ ಒಂದು ಕಾಲದಲ್ಲಿ ಸ್ವಲ್ಪ ಆಧಾರವಿತ್ತು. ಹಳೆಯ ಬಣ್ಣದ ಟಿವಿಯ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಸುಮಾರು 25,000 ವೋಲ್ಟ್ ಒತ್ತಡದಿಂದ ಓಡಿಸಿ ತೆರೆಗೆ ಅಪ್ಪಳಿಸುತ್ತಿದ್ದರು. ವೇಗದ ಎಲೆಕ್ಟ್ರಾನುಗಳನ್ನು ಥಟ್ಟನೆ ತಡೆದಾಗ ಕ್ಷ-ಕಿರಣಗಳು ಹುಟ್ಟುತ್ತವೆ. ಅವುಗಳನ್ನು ಹೀರಲೆಂದೇ ಆ ಗಾಜನ್ನು ವಿಶೇಷವಾಗಿ ತಯಾರಿಸುತ್ತಿದ್ದರು. 1967ರಲ್ಲಿ ಅಮೆರಿಕದ ಕೆಲವು ಬಣ್ಣದ ಟಿವಿಗಳಿಂದ ಮಿತಿಮೀರಿದ ಕ್ಷ-ಕಿರಣ ಸೋರುವುದು ಕಂಡುಬಂದು ಅವನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಮರುವರ್ಷವೇ ಅಲ್ಲಿ ಇಂಥ ವಿಕಿರಣವನ್ನು ನಿಯಂತ್ರಿಸುವ ಕಾನೂನು ಬಂದಿತು. ಇಂದಿನ ಚಪ್ಪಟೆ ಟಿವಿಯಲ್ಲಿ ಆ ಕೊಳವೆಯೂ ಇಲ್ಲ, ಆ ಒತ್ತಡವೂ ಇಲ್ಲ, ಆ ಕಿರಣವೂ ಇಲ್ಲ. ಕಾರಣ ಹೋದ ಮೇಲೂ ಮಾತು ಉಳಿದುಕೊಂಡಿದೆ.

ಹಾಗೆಂದು ಪರದೆ ಕಣ್ಣಿಗೆ ಪೂರ್ತಿ ನಿರುಪದ್ರವಿಯೆನ್ನಲಾಗದು. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ದಣಿಯುತ್ತದೆ. ಮಕ್ಕಳ ಸಮೀಪದೃಷ್ಟಿಯ ವಿಷಯದಲ್ಲಿ ಮತ್ತೊಂದು ಸಂಗತಿ ಹೊರಬಂದಿದೆ. ಚೀನದ ಗ್ವಾಂಗ್‌ಜೌ ನಗರದಲ್ಲಿ ಕೆಲವು ಶಾಲೆಗಳ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿರಿಸಿ, ಉಳಿದ ಶಾಲೆಗಳಲ್ಲಿ ಮೊದಲಿನಂತೆಯೇ ಬಿಟ್ಟು, ಮೂರು ವರ್ಷಗಳ ಬಳಿಕ ನೋಡಿದರು. 2015ರಲ್ಲಿ ಪ್ರಕಟವಾದ ಫಲ ಇದು: ಬಯಲಿಗೆ ಹೋದ ಗುಂಪಿನಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೂ, ಹೋಗದ ಗುಂಪಿನಲ್ಲಿ ಸುಮಾರು 40 ಮಕ್ಕಳಿಗೂ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಯಾವ ಶಾಲೆ ಯಾವ ಗುಂಪಿಗೆ ಎಂಬುದನ್ನು ಇಲ್ಲಿಯೂ ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತುವಂಥ ಕ್ರಮದಿಂದಲೇ ನಿರ್ಧರಿಸಿದ್ದರು. ಮಗುವನ್ನು ಟಿವಿಯಿಂದ ಎರಡಡಿ ಹಿಂದಕ್ಕೆ ಸರಿಸುವುದಕ್ಕಿಂತ ಅಂಗಳಕ್ಕೆ ಕಳಿಸುವುದು ಮೇಲೆಂದು ಇದರಿಂದ ಊಹಿಸಬಹುದು.

ಆಟದ ಆರೋಪ

ವಿಡಿಯೋ ಗೇಮ್ ಆಡುವವರಲ್ಲಿ ಜಗಳಗಂಟರು ಕಂಡರೆ, ಆಟವೇ ಜಗಳಕ್ಕೆ ಕಾರಣವೆ? ಜಗಳದ ಸ್ವಭಾವದವರೇ ಅಂಥ ಆಟವನ್ನು ಆರಿಸಿಕೊಂಡಿರಬಾರದೆ? ಮನೆಯ ಅಶಾಂತಿಯೇ ಎರಡಕ್ಕೂ ಮೂಲವಾಗಿರಬಾರದೆ? ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗುವುದಿಲ್ಲ. ಬ್ರಿಟನ್ನಿನಲ್ಲಿ 14–15 ವಯಸ್ಸಿನ ಸುಮಾರು ಸಾವಿರ ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹಿಂಸೆಯ ಆಟಗಳಿಗೂ ಮಕ್ಕಳ ಆಕ್ರಮಣಶೀಲ ನಡತೆಗೂ ಸಂಬಂಧ ಕಂಡುಬರಲಿಲ್ಲ.

“ಆಟದಿಂದ ಬುದ್ಧಿ ಚುರುಕಾಗುತ್ತದೆ” ಎಂಬ ಎದುರುಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 2003ರಲ್ಲಿ ಗ್ರೀನ್ ಮತ್ತು ಬವೇಲಿಯರ್ ಎಂಬ ವಿಜ್ಞಾನಿಗಳು ಆಟದ ಅಭ್ಯಾಸವಿಲ್ಲದವರಲ್ಲಿ ಕೆಲವರಿಗೆ ವೇಗದ ಹೋರಾಟದ ಆಟವನ್ನೂ, ಕೆಲವರಿಗೆ ಇಟ್ಟಿಗೆ ಜೋಡಿಸುವ ಟೆಟ್ರಿಸ್ ಆಟವನ್ನೂ ಹತ್ತು ದಿನ ದಿನಕ್ಕೊಂದು ಗಂಟೆಯಂತೆ ಆಡಿಸಿದರು. ಮೊದಲ ಗುಂಪಿನವರ ನೋಟದ ಅವಧಾನಶಕ್ತಿ ಹೆಚ್ಚು ಸುಧಾರಿಸಿತು. ಇದು ನೋಟದ ಒಂದು ಗುಣದ ಮಾತು. ಇದರಿಂದ ಪರೀಕ್ಷೆಯ ಅಂಕಗಳು ಏರುತ್ತವೆಂದು ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 2022ರಿಂದ ಜಾರಿಯಲ್ಲಿರುವ ಆವೃತ್ತಿಯಲ್ಲಿ ಆಟದ ವ್ಯಸನವೂ ಸೇರಿದೆ. ಆದರೆ ಅದು ಆಟದ ಮೇಲೆ ಹಿಡಿತ ತಪ್ಪಿ, ಓದು, ಮನೆ, ಗೆಳೆತನಗಳು ಕೆಟ್ಟು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದ ಸ್ಥಿತಿಗೆ ಇಟ್ಟ ಹೆಸರು. ಸಂಜೆ ಒಂದು ಗಂಟೆ ಆಡುವ ಹುಡುಗನನ್ನು ಆ ಹೆಸರಿನಿಂದ ಕರೆಯುವುದು ತಪ್ಪು. ನಿಜವಾಗಿ ಹಿಡಿತ ತಪ್ಪಿದವನನ್ನು ಬರಿಯ ಸೋಮಾರಿಯೆಂದು ಬಯ್ಯುವುದೂ ತಪ್ಪು.

ನಾಲಿಗೆಯಲ್ಲಿ ಪರೀಕ್ಷಿಸಬಾರದ ಮಾತು

ಕೊನೆಯದಾಗಿ ಒಂದು ಎಚ್ಚರಿಕೆ. ಪರೀಕ್ಷಿಸಬೇಕೆಂದರೆ ಎಲ್ಲವನ್ನೂ ತಿಂದು ನೋಡಬೇಕೆಂದು ಅರ್ಥವಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದೊಡನೆ ಕಾಡಿನಲ್ಲಿಯೂ ಹುತ್ತದ ಬಳಿಯಲ್ಲಿಯೂ ಅಣಬೆಗಳೇಳುತ್ತವೆ. ವಿಷದ ಅಣಬೆಯ ಜೊತೆ ಬೇಯಿಸಿದ ಬೆಳ್ಳಿ ಕಪ್ಪಾಗುತ್ತದೆ, ಹುಳು ತಿಂದ ಅಣಬೆ ಮನುಷ್ಯನಿಗೂ ನಿರ್ವಿಷ, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ — ಈ ಮೂರು ನಂಬಿಕೆಗಳು ಲೋಕದ ಹಲವೆಡೆ ಇವೆ, ಮೂರೂ ಸುಳ್ಳು. ಬೆಳ್ಳಿ ಕಪ್ಪಾಗುವುದು ಗಂಧಕದ ಕೆಲವು ಸಂಯುಕ್ತಗಳಿಂದ. ಅಣಬೆಯ ವಿಷಕ್ಕೂ ಅದಕ್ಕೂ ಸಂಬಂಧವಿಲ್ಲ. ಮನುಷ್ಯರಿಗೆ ಮಾರಕವಾದ ಅಣಬೆಯನ್ನು ಗೊಂಡೆಹುಳು ನಿಶ್ಚಿಂತೆಯಿಂದ ತಿನ್ನಬಲ್ಲದು. ಅಮಾನಿಟಾ ಜಾತಿಯ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಕುದಿಸಿದರೂ ನಾಶವಾಗದು. ಅದನ್ನು ತಿಂದವರಿಗೆ ಆರರಿಂದ ಹನ್ನೆರಡು ಗಂಟೆಗಳವರೆಗೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ಏನೂ ತಿಳಿಯದಿರಬಹುದು. ವಾಂತಿಭೇದಿ ಆರಂಭವಾಗುವ ಹೊತ್ತಿಗೆ ವಿಷ ಯಕೃತ್ತನ್ನು ಸೇರಿರುತ್ತದೆ. “ಒಂದು ಚೂರು ತಿಂದು ನೋಡಿದೆ, ಏನೂ ಆಗಲಿಲ್ಲ” ಎಂಬುದಕ್ಕಿಂತ ಅಪಾಯದ ಪರೀಕ್ಷೆ ಬೇರಿಲ್ಲ. ಅಣಬೆಯನ್ನು ಖಚಿತವಾಗಿ ಗುರುತಿಸಬಲ್ಲವರಿಲ್ಲದಿದ್ದರೆ ಅದನ್ನು ಬಿಡುವುದೇ ಸರಿ. ತಿಂದ ಮೇಲೆ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ, ಉಳಿದ ಅಣಬೆಯೊಡನೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಉಪಸಂಹಾರ

ಯಾವುದೇ ಅಭಿಪ್ರಾಯ ಕಿವಿಗೆ ಬಿದ್ದಾಗ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇದರಲ್ಲಿ ಮೆಚ್ಚಿಕೆ ಎಷ್ಟು, ಪ್ರತಿಪಾದನೆ ಎಷ್ಟು? ಹೋಲಿಸಿದ ಎರಡರಲ್ಲಿ ಬೇರಾಗಿರುವುದು ಒಂದೇ ಸಂಗತಿಯೋ, ಹಲವೋ? ಲೆಕ್ಕಕ್ಕೆ ಬಂದುದು ಎಲ್ಲವೋ, ನೆನಪಿನಲ್ಲಿ ಉಳಿದುದು ಮಾತ್ರವೋ? ಬರಿಯ ಆಕಸ್ಮಿಕದಿಂದ ಈ ಫಲ ಎಷ್ಟು ಸಲ ಬರಬಹುದು? ಈ ಮಾತು ತಪ್ಪಾಗಿದ್ದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ?

ಇವನ್ನು ಮೊದಲು ನಮ್ಮ ಸ್ವಂತ ಅಭಿಪ್ರಾಯಗಳಿಗೇ ಹಾಕಿಕೊಳ್ಳುವುದು ಒಳ್ಳೆಯದು. ಹಿರಿಯರ ಬಾಯಿ ಮುಚ್ಚಿಸಲು ಇವು ಆಯುಧಗಳಲ್ಲ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಈ ವಾರ ಕೇಳಿದ ಐದು ಅಭಿಪ್ರಾಯಗಳನ್ನು ಬರೆದು, ಪ್ರತಿಯೊಂದರಲ್ಲಿಯೂ ಮೆಚ್ಚಿಕೆಯನ್ನೂ ಪ್ರತಿಪಾದನೆಯನ್ನೂ ಬಿಡಿಸಿ.

2. ಎಂಟರ ಬದಲು ಆರು ದೊನ್ನೆಗಳಿದ್ದು ಮೂರನ್ನು ಆರಿಸಬೇಕಾದರೆ, ಊಹೆಯಿಂದ ಮೂರೂ ಸರಿಯಾಗುವ ಸಂಭವನೀಯತೆ ಎಷ್ಟು? ಆ ಪರೀಕ್ಷೆ ಎಂಟು ದೊನ್ನೆಗಳದಕ್ಕಿಂತ ಬಿಗಿಯೋ ಸಡಿಲವೋ?

3. “ಮಣ್ಣಿನ ಹೂಜಿಯ ನೀರು ತಂಪು” ಎಂಬ ಮಾತು ಏಪ್ರಿಲಿನ ಬಳ್ಳಾರಿಯಲ್ಲಿ ನಿಜವಾದಷ್ಟು ಜುಲೈಯ ಆಗುಂಬೆಯಲ್ಲಿ ಏಕೆ ನಿಜವಾಗದು? ಬಾಷ್ಪೀಭವನವನ್ನೂ ಗಾಳಿಯ ತೇವಾಂಶವನ್ನೂ ನೆನೆದು ವಿವರಿಸಿ. ಎರಡು ಉಷ್ಣತಾಮಾಪಕಗಳಿಂದ ಅದನ್ನು ಪರೀಕ್ಷಿಸುವ ಬಗೆಯನ್ನು ಬರೆಯಿರಿ.